ಮಿಸ್ಸಿ ಸಾಲಿಯ ಹಸಿರು ಬಾಗಿಲು

ನಮ್ಮ ಅವ್ವನಿಗೆ ಒಂದು ಅಭ್ಯಾಸವಿದೆ. ಹೊರಗಿನಿಂದ ಯಾರು ಕರೆದರೂ ಮೊದಲ ಕರೆಗೆ ಓಗೊಡುವುದಿಲ್ಲ. ಹಾಲಿನವನು ಕರೆಯಲಿ, ಗ್ಯಾಸಿನವನು ಕರೆಯಲಿ, ಓಟು ಕೇಳಲು ಬಂದ ದೊಡ್ಡ ಮನುಷ್ಯರು ಕೈಮುಗಿದೇ ಕರೆಯಲಿ, ಅವ್ವ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಸುಮ್ಮನೆ ನಿಂತುಬಿಡುತ್ತಾಳೆ. ಎರಡನೆಯ ಸಲ ಕರೆದರೆ ಮಾತ್ರ "ಬಂದ್ನಿ, ತಡೀರಿ" ಎಂಬ ಉತ್ತರ. ಅವಸರದ ಕುರಿಯರ್ ಹುಡುಗರು ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ನನ್ನ ಎಷ್ಟೋ ಅಂಗಿಗಳನ್ನು ವಾಪಸು ಒಯ್ದಿದ್ದಾರೆ. ನಾನು ಈಗ ತೊಟ್ಟಿರುವ ಈ ಬಣ್ಣಗೇಡಿ ಅಂಗಿಗೆ ಅವ್ವನ ಅಭ್ಯಾಸವೇ ಕಾರಣ ಎಂದು ಹೇಳಿಕೊಂಡು ತಿರುಗುತ್ತೇನೆ. ನಂಬುವವರು ಕಡಿಮೆ.

ಬಾಜೂ ಮನೆಯವರು ಅವ್ವನಿಗೆ ಕಿವಿ ಮಂದವೆನ್ನುತ್ತಾರೆ. ಅಪ್ಪನ ತಾಯಿ, ನಮ್ಮ ಆಯಿ, ಮಾತ್ರ ಸೊಸೆಯ ಪರ. "ದೆವ್ವ ಒಂದ ಸಲ ಕರೀತೈತಿ, ಮನಷ್ಯಾ ಎರಡ ಸಲ ಕರೀತಾನ. ನಮ್ಮ ಸೊಸಿ ಶಾಣ್ಯಾಕಿ" ಎನ್ನುತ್ತಾಳೆ. ಅವ್ವ ಮೂಡಲಗಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಇಡೀ ತಾಲೂಕಿನ ತೋಳಿಗೆ ಸೂಜಿ ಚುಚ್ಚಿದ ಹೆಂಗಸು ದೆವ್ವಕ್ಕೆ ಹೆದರುತ್ತಾಳೆಯೇ? ದೆವ್ವವೇ ಅವಳನ್ನು ಕಂಡರೆ ತೋಳು ಮುಚ್ಚಿಕೊಂಡೀತು. ಅವ್ವನ ಅಭ್ಯಾಸಕ್ಕೆ ಕಿವಿಯೂ ಕಾರಣವಲ್ಲ, ದೆವ್ವವೂ ಕಾರಣವಲ್ಲ. ಗೋಕಾಕದ ಮಿಸ್ಸಿ ಸಾಲಿಯ ಒಂದು ಹಸಿರು ಬಾಗಿಲು ಕಾರಣ. ನನಗಿದು ತಿಳಿದದ್ದು ಕಳೆದ ವರ್ಷ, ಆ ಬಾಗಿಲ ಮುಂದೆ ನಾನೇ ಹೋಗಿ ನಿಲ್ಲಬೇಕಾಗಿ ಬಂದ ದಿನ.

ಅದಕ್ಕೂ ಮೊದಲು ನನ್ನ ಪರಿಚಯ. ಮೂಡಲಗಿಯ ಮದುವೆಗಳಲ್ಲಿ ಅಕ್ಷತೆ ಬಿದ್ದು ಊಟದ ಎಲೆ ಹಾಕುವವರೆಗೆ ಮೈಕು ಹಿಡಿದು, ಹೆಣ್ಣಿನ ಕಡೆಯವರನ್ನು ಗಂಡಿನ ಕಡೆಯವರ ದನಿಯಲ್ಲೂ, ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯವರ ದನಿಯಲ್ಲೂ ಬೈದು, ಕೊನೆಗೆ ಎರಡೂ ಕಡೆಯವರಿಂದ ಕೊನೆಯ ಪಂಕ್ತಿಗೆ ತಳ್ಳಿಸಿಕೊಳ್ಳುವ ಮಲ್ಲು ಎಂಬುವನೊಬ್ಬ ಇದ್ದಾನಲ್ಲ, ಅವನು ನಾನು. ಮನೆಯಲ್ಲಿ ನೀರು ಬೇಕಾದರೆ ತಹಶೀಲ್ದಾರರ ದನಿಯಲ್ಲಿ ಕೇಳುತ್ತೇನೆ. ರೊಟ್ಟಿ ಬೇಕಾದರೆ ಸ್ವಾಮಿಗಳ ದನಿಯಲ್ಲಿ. ಬೈಗುಳಕ್ಕೆ ಉತ್ತರ ಕೊಡುವುದು ಬಸ್ ನಿಲ್ದಾಣದ ಮೈಕಿನ ದನಿಯಲ್ಲಿ: "ಪ್ರಯಾಣಿಕರ ಗಮನಕ್ಕೆ, ಮಲ್ಲು ಮನೀಗೆ ತಡವಾಗಿ ಬರಲಿದ್ದಾನೆ." ಹೀಗೆ ಎಲ್ಲರ ದನಿಯನ್ನೂ ಕೈಗಡ ತಂದು ಬದುಕುವವನಿಗೆ ಸ್ವಂತದ್ದೊಂದು ದನಿ ಇದೆಯೆಂಬುದು ಯಾರಿಗೂ ನೆನಪಿರಲಿಲ್ಲ, ನನಗೂ ಕೂಡ.

ಇನ್ನು ಸಾಲಿಯ, ಅಂದರೆ ಆ ಹುಡುಗಿಯರ ಶಾಲೆಯ, ವಿಷಯ. ಗೇಟಿನ ಮೇಲಿನ ಹಲಗೆಯಲ್ಲಿ ಉದ್ದನೆಯದೊಂದು ಹೆಸರಿದೆ. ಅದನ್ನು ಓದಿ ಮುಗಿಸುವುದರೊಳಗೆ ಬಸ್ಸು ಮುಂದೆ ಹೋಗಿರುತ್ತದೆ. ಹಾಗಾಗಿ ಗೋಕಾಕದ ಜನ ಅದನ್ನು ಮಿಸ್ಸಿ ಸಾಲಿ ಎಂದೇ ಕರೆಯುತ್ತಾರೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ, ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವರು ಕಳಿಸಿದ ಮಿಸ್ಸಿಯೊಬ್ಬಳು ಕೈಯಲ್ಲಿ ಛತ್ರಿ, ಬಾಯಲ್ಲಿ ಅರೆಬೆಂದ ಕನ್ನಡ ಇಟ್ಟುಕೊಂಡು ಬಂದಳಂತೆ. ಮನೆಮನೆಯ ಕಟ್ಟೆಗೆ ಹೋಗಿ "ಹುಡುಗಿ ಕೊಡ್ರಿ, ಹುಡುಗಿ ಕೊಡ್ರಿ" ಎಂದು ಕೇಳಿದಳಂತೆ. ಹಿರಿಯರು ಅವಳನ್ನು ಚಾಪೆಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, "ಯಾರಿಗ್ರಿ ಬಾಯಾರ, ನಿಮ್ಮ ತಮ್ಮಗ?" ಎಂದು ವಿಚಾರಿಸಿದರಂತೆ. ಹುಡುಗಿಯನ್ನು ಕೇಳಿಕೊಂಡು ಬರುವುದಕ್ಕೆ ನಮ್ಮ ಕಡೆ ಅಂದು ಇದ್ದದ್ದು ಒಂದೇ ಕಾರಣ. ಇಂದೂ ಬಹುಮಟ್ಟಿಗೆ ಅದೇ.

ಈ ಮಿಸ್ಸಿಯ ದನಿಯನ್ನು ನಾನು ಬಹಳ ಚೆನ್ನಾಗಿ ತೆಗೆಯುತ್ತೇನೆ. ಅವಳು ಸತ್ತು ಎಷ್ಟೋ ಕಾಲವಾಗಿದೆಯಲ್ಲ ಎನ್ನುತ್ತೀರಿ. ನಿಜ. ಆದರೆ ಅವಳ ಕೈಕೆಳಗಿನ ಹುಡುಗಿಯರು ಅವಳನ್ನು ಅಣಕಿಸಿದರು, ಅವರು ಟೀಚರಾದಾಗ ಅವರ ವಿದ್ಯಾರ್ಥಿನಿಯರು ಆ ಅಣಕವನ್ನು ಕಲಿತರು, ಅವರಿಂದ ನಮ್ಮ ಅವ್ವ, ಅವ್ವನಿಂದ ನಾನು. ನನ್ನದು ನಕಲಿನ ನಕಲಿನ ನಕಲು. ಮಿಸ್ಸಿಯ ಫೋಟೋ ಸಾಲಿಯ ಗೋಡೆಯ ಮೇಲೆ ಮಸುಕಾಗಿದೆ, ದನಿಗೆ ಮಾತ್ರ ಇನ್ನೂ ಗೆದ್ದಲು ಹತ್ತಿಲ್ಲ. "ಬಾಗಿಲ್ ಮುಚ್ಚಿ. ಕಿವಿ ತೆಗಿರಿ" ಎಂಬ ಅವಳ ಮಾತನ್ನು ಗೋಕಾಕದ ಅಜ್ಜಿಯರ ಮುಂದೆ ನಾನು ಹೇಳಿದರೆ ಸಾಕು, ಹಲ್ಲಿಲ್ಲದ ಬಾಯಿಗಳೆಲ್ಲ ಸೆರಗು ಅಡ್ಡ ಹಿಡಿದುಕೊಂಡು ನಗುತ್ತವೆ.

ನಮ್ಮವರು ಹುಡುಗಿಯರನ್ನು ಕೊಟ್ಟದ್ದು ಕರಾರು ಹಾಕಿಯೇ. ಲಿಂಗಪೂಜೆ ತಪ್ಪಬಾರದು ಎಂದರು. ಮಿಸ್ಸಿ ಒಪ್ಪಿದಳು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತ ಹುಡುಗಿಯರ ಪೂಜೆ ಮುಗಿಯುವ ತನಕ ಹಿತ್ತಾಳೆಯ ಗಂಟೆ ಹಿಡಿದುಕೊಂಡು ಹೊಸ್ತಿಲಲ್ಲಿ ಕಾಯುತ್ತಿದ್ದಳಂತೆ. ಪೂಜೆ ಮುಗಿದ ಮೇಲೆ ಪ್ರಾರ್ಥನೆಯ ಗಂಟೆ. ಊಟ ಮಾತ್ರ ಎಲ್ಲ ಜಾತಿಗೂ ಒಂದೇ ಸಾಲು. ಅದಕ್ಕೆ ಅವಳದೂ ಒಂದು ಕರಾರು.

ಸಾಲಿಯಲ್ಲಿ ಎರಡು ದೇಶಗಳಿದ್ದವು. ಬೋರ್ಡಿಂಗ್ ಹುಡುಗಿಯರದು ಒಂದು, ದಿನಾ ಮನೆಯಿಂದ ಬರುವವರದು ಇನ್ನೊಂದು. ಮನೆಯವರನ್ನು ಬೋರ್ಡಿಂಗಿನವರು "ಬಸ್ಸಿನ ಹಕ್ಕಿ" ಎನ್ನುತ್ತಿದ್ದರು. ಬೋರ್ಡಿಂಗಿನವರನ್ನು ಮನೆಯವರು "ಗಂಟಿ ಕೋಳಿ" ಎನ್ನುತ್ತಿದ್ದರು. ಗಂಟೆ ಬಾರಿಸಿದರೆ ಏಳುತ್ತವೆ, ಗಂಟೆ ಬಾರಿಸಿದರೆ ಮಲಗುತ್ತವೆ. ನಡುನಡುವೆ ಲಂಗದ ಮಡಿಕೆಯಲ್ಲಿ ಕರದಂಟು ಗಡಿ ದಾಟುತ್ತಿತ್ತು. ಬದಲಿಗೆ ಬೋರ್ಡಿಂಗಿನಿಂದ ಬಿಡಿಸಿಟ್ಟ ಲೆಕ್ಕಗಳು ಈ ಕಡೆ ಬರುತ್ತಿದ್ದವು. ನಾಗನೂರಿನಿಂದ ಬಂದ ನಮ್ಮ ಅವ್ವ ಗಂಟಿ ಕೋಳಿ. ಕರದಂಟು ಅವಳಿಗೆ ಇಂದಿಗೂ ಲೆಕ್ಕದ ವಾಸನೆ ಹೊಡೆಯುತ್ತದಂತೆ.

ಈಗ ಬಾಗಿಲಿಗೆ ಬಂದೆ. ಹಳೆಯ ಕಾಲದಲ್ಲಿ ಒಮ್ಮೆ ರುಮಾಲು ಸುತ್ತಿದ ಒಬ್ಬ ಮನುಷ್ಯ ಬುಟ್ಟಿಯಲ್ಲಿ ಉಂಡಿ ಹಿಡಿದುಕೊಂಡು ಬಂದು, ತಾನು ಹುಡುಗಿಯ ಸೋದರಮಾವ ಎಂದು ಹೇಳಿ ಒಬ್ಬಳನ್ನು ಕರೆದೊಯ್ದನಂತೆ. ರಜೆ ಮುಗಿದರೂ ಹುಡುಗಿ ಬರಲಿಲ್ಲ. ಸಂಕೇಶ್ವರದ ಕಡೆ ಎಲ್ಲೋ ಅವಳ ಲಗ್ನವಾಯಿತೆಂಬ ಸುದ್ದಿ ಮಾತ್ರ ಬಂತು. ಮಿಸ್ಸಿ ಅಂದು ಊಟ ಮಾಡಲಿಲ್ಲವಂತೆ. ಮರುದಿನ ಬಡಿಗನನ್ನು ಕರೆಸಿ ಬೋರ್ಡಿಂಗಿನ ಮುಂದೆ ದಪ್ಪ ಹಲಗೆಯ ಬಾಗಿಲು ಮಾಡಿಸಿ, ಹಸಿರು ಬಣ್ಣ ಹೊಡೆಸಿದಳು. ಅದಕ್ಕೆ ಕಿಂಡಿಯಿಲ್ಲ, ಜಾಲರಿಯಿಲ್ಲ. ಕರೆಯಲು ಬಂದವರು ಹೊರಗೆ ನಿಲ್ಲಬೇಕು. ಯಾವ ಹುಡುಗಿ ಎಂದು ಹೇಳಿದ ಮೇಲೆ ಅವಳು ಒಳಗೆ ಬಂದು ಬೆಂಚಿನ ಮೇಲೆ ಕೂರಬೇಕು. ಆಮೇಲೆ ಹೊರಗಿನವರು ಹುಡುಗಿಯ ಹೆಸರನ್ನು ಒಂದೇ ಒಂದು ಸಲ ಕರೆಯಬೇಕು, ಬೇರೇನೂ ಹೇಳುವಂತಿಲ್ಲ. ಬೋರ್ಡಿಂಗ್ ನೋಡಿಕೊಳ್ಳುವ ಮೇಟ್ರನ್ ಹುಡುಗಿಯನ್ನು ಕೇಳುತ್ತಾಳೆ: "ಯಾರ ದನಿ?" ಹುಡುಗಿ "ನಮ್ಮಪ್ಪನ್ದು" ಎಂದರೆ ಅಗಳಿ ಸರಿಯುತ್ತದೆ. "ಗೊತ್ತಿಲ್ರಿ" ಎಂದರೆ ಸರಿಯುವುದಿಲ್ಲ. ಹೊರಗೆ ನಿಂತವನು ಅಪ್ಪನೇ ಆಗಿರಲಿ, ಅಪ್ಪನ ಅಪ್ಪನೇ ಆಗಿರಲಿ, ಮುಂದಿನ ಭೇಟಿಯ ದಿನ ಬರಬೇಕು.

ಈಗ ಗೇಟಿನಲ್ಲಿ ಗುರುತಿನ ಚೀಟಿ, ಫೋಟೋ, ಕ್ಯಾಮೆರಾ ಎಲ್ಲ ಬಂದಿವೆ. ಆದರೆ ಗೇಟು ದಾಟಿದವರಿಗೂ ಈ ಬಾಗಿಲು ತಪ್ಪಿಲ್ಲ. ಹಳೆಯ ಕಾಲದ ಒಂದು ಚಂದದ ಪದ್ಧತಿ ಎಂದು ಬಂದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ.

ಕಳೆದ ವರ್ಷ, ಅಪ್ಪನ ತಮ್ಮ, ನಮ್ಮ ಜೊತೆ ಒಂದೇ ಮನೆಯಲ್ಲಿರುವ ಬಾಳಪ್ಪ ಕಾಕಾನ ಮಗಳು ಸಹನಾ ಅದೇ ಬೋರ್ಡಿಂಗಿನಲ್ಲಿ ಹತ್ತನೆಯ ಕ್ಲಾಸು. ಪರೀಕ್ಷೆ ತಲೆಯ ಮೇಲಿತ್ತು. ದೊಡ್ಡವ್ವನಂತೆ, ಅಂದರೆ ನಮ್ಮ ಅವ್ವನಂತೆ, ತಾನೂ ನರ್ಸಾಗಬೇಕೆಂದು ಹಿಂದಿನ ರಜೆಯಲ್ಲೇ ಅವಳು ಎಲ್ಲರ ಮುಂದೆ ಹೇಳಿದ್ದಳು. ಅಷ್ಟರಲ್ಲಿ ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಕಬ್ಬು, ಟ್ರ್ಯಾಕ್ಟರು, ಬೆಲ್ಲದ ಗಾಣ, ಒಬ್ಬನೇ ಮಗ. ಕಾಕಾ ಕರಗಿಬಿಟ್ಟ. "ಲಗ್ನ ಈಗ ಮಾಡ್ತೀನಂತ ಯಾರಂದ್ರು? ಬರೇ ನೋಡ್ತಾರ. ಎಲಿ ಅಡಿಕಿ ಇಟ್ಟ ಹೋಗ್ತಾರ. ಹುಡುಗಿ ದೊಡ್ಡಾಕಿ ಆದ ಮ್ಯಾಲ ಮುಂದಿನ ಮಾತು" ಎಂದ. ಎಲೆ ಅಡಿಕೆ ಇಟ್ಟ ಮೇಲೆ ಪುಸ್ತಕ ಉಳಿದ ಮನೆಯನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ. ನಮ್ಮ ಹಿಂದಿನ ಮನೆಯ ಹುಡುಗಿಗೂ ಬರೇ ನೋಡಿ ಹೋಗಿದ್ದರು. ಅವಳ ಕೂಸಿಗೆ ಈಗ ಅವ್ವನೇ ಸೂಜಿ ಹಾಕುತ್ತಾಳೆ.

ಕಾಕಾ ಮಗಳನ್ನು ಕರೆತರಲು ಗೋಕಾಕಕ್ಕೆ ಹೋದ. ಅವನಿಗಿಂತ ಮೊದಲೇ ಸುದ್ದಿ ಬಸ್ಸಿನ ಹಕ್ಕಿಗಳ ಬಾಯಲ್ಲಿ ಬೋರ್ಡಿಂಗ್ ಮುಟ್ಟಿತ್ತು. ಸಂಜೆ ಒಬ್ಬನೇ ಬಂದ. "ನೆಗಡಿ ಆಗೇತಿ, ದನಿ ಒಡದೈತಿ. ಹುಡುಗಿಗೆ ಗುರ್ತ ಸಿಗಲಿಲ್ಲ" ಎಂದ. ಮನೆಯ ಯಾರಿಗೂ ಅವನ ಮೂಗಿನಲ್ಲಿ ನೆಗಡಿ ಕಾಣಲಿಲ್ಲ. ಅವ್ವ ಮಾತ್ರ ಕೇಳಿದಳು: "ಬಾಗಲದಾಗ ಎಷ್ಟೊತ್ತ ನಿಂತಿದ್ದಿ ಬಾಳಪ್ಪ?" ಕಾಕಾ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲಲ್ಲೇ ಇತ್ತು.

ಮುಂದಿನ ಭೇಟಿಯ ದಿನಕ್ಕೆ ಸಹನಾಳ ತಾಯಿ, ನಮ್ಮ ಕಾಕು, ಹೋಗಬೇಕೆಂದಾಯಿತು. ಅಂದು ಬೆಳಿಗ್ಗೆ ಕಾಕುವಿನ ಗಂಟಲು ಕಟ್ಟಿಬಿಟ್ಟಿತು. ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು, ಕೈಸನ್ನೆಯಲ್ಲೇ ಚಹಾ ಕೊಟ್ಟಳು. ಬೇಸಿಗೆ ಕಾಲಿಟ್ಟ ದಿನಗಳಲ್ಲಿ ಮಫ್ಲರು! ಹುಕ್ಕೇರಿಯವರು ಅದೇ ದಿನ ನಾಲ್ಕು ಗಂಟೆಗೆ ಬರುವವರಿದ್ದರು. ಕಾಕಾ ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡಿದ. ಅಡ್ಡಾಡುತ್ತ ಅಡ್ಡಾಡುತ್ತ ಅವನ ಕಣ್ಣು ನನ್ನ ಮೇಲೆ ಬಿತ್ತು. ಬೀಳಬಾರದಿತ್ತು.

"ಲೇ ಮಲ್ಲು, ನಿಮ್ಮ ಕಾಕು ದನಿ ತಗಿ ನೋಡೂಣು."

ನಾನು ತಮಾಷೆಯೆಂದುಕೊಂಡು ತೆಗೆದೆ. ಕಾಕುವಿನ ದನಿಯ ಗುಟ್ಟೆಲ್ಲ ಕೊನೆಯಲ್ಲಿದೆ. ಬಾವಿಗೆ ಕೊಡ ಇಳಿಬಿಟ್ಟಂತೆ ಕೊನೆಯ ಅಕ್ಷರವನ್ನು ಸಡಿಲು ಬಿಟ್ಟು, ತಳ ಮುಟ್ಟಿದ ಕೂಡಲೇ ಎಳೆದುಕೊಳ್ಳಬೇಕು. "ಸಹನಾಆಆ..." ಎಂದೆ. ಪಡಸಾಲೆಯಲ್ಲಿ ಕಾಕುವಿನ ಕೈಯಿಂದ ಲೋಟ ಬಿತ್ತು. ಕಾಕಾ ಬೈಕಿನ ಕೀಲಿ ತೆಗೆದುಕೊಂಡ.

"ನಡಿ. ಇದ ದನೀಲೆ ಒಂದ ಸಲ ಕರಿ, ಸಾಕು."

ಆಗ ನನಗೆ ತಮಾಷೆ ಇಳಿಯಿತು. ಆದರೆ ಕಾಕಾನಿಗೆ ಒಲ್ಲೆ ಎನ್ನುವುದು ಹೇಗೆ? ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು. ನನ್ನ ಮೊಟ್ಟಮೊದಲ ಮಿಮಿಕ್ರಿ ನಮ್ಮ ಎಮ್ಮೆಯದು. ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಕಂಡಕಂಡವರ ಮುಂದೆ "ಕೂಗಲೇ ಮಲ್ಲು, ಕೂಗು" ಎಂದು ಮೆರೆಸಿದವನೂ ಅವನೇ. ನಾನು ಮನುಷ್ಯರನ್ನು ಅಣಕಿಸುವ ಮಟ್ಟಕ್ಕೆ ಬೆಳೆದದ್ದು ಅವನ ನಗುವಿನಿಂದ. ಆ ನಗುವಿಗೆ ಬೆನ್ನು ತಿರುಗಿಸಿ ನಿಲ್ಲುವ ದನಿ ನನ್ನ ಸಂಗ್ರಹದಲ್ಲಿರಲಿಲ್ಲ.

ಅಂಗಿ ಬದಲಿಸುವ ನೆವದಲ್ಲಿ ಅಡುಗೆಮನೆಗೆ ಓಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಹೋಗ್ಲೇನು?"

ಅವ್ವ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮಪ್ಪನೂ ಒಮ್ಮಿ ಹಂಗ ಬಂದಿದ್ದ" ಎಂದಳು. ರೊಟ್ಟಿಯ ಸದ್ದಿನ ನಡುವೆಯೇ ಹೇಳಿದಳು. "ನಾನೂ ಆಗ ಹತ್ತನೇತ್ತೆ. ಎಲ್ಲೋ ಹುಡುಗನ್ನ ನೋಡಿದ್ರು. ಬಾಗಲಾ ಹಾಕಿತ್ತು. ಶಾಂತಾ ಅಂತ ಕರದ. ಎತ್ತಗಳ್ನ ಹೊಲದಾಗಿಂದ ಮನಿಗಿ ಕರೀತಿದ್ದ ದನಿ ಅದು, ನಾಗನೂರಾಗ ಯಾರಿಗಿ ಗೊತ್ತಿಲ್ಲ? ಮೇಟ್ರನ್ ಕೇಳಿದ್ರು, ಯಾರ ದನಿ? ನಾ, ಗೊತ್ತಿಲ್ರಿ ಅಂದೆ."

ರೊಟ್ಟಿ ಅಂಚಿನಲ್ಲಿ ಸೀಳಿತು.

"ಹೊರಗ ಅವನ ಚಪ್ಪಲಿ ಸಪ್ಪಳಾ ಕೇಳಾಕತ್ತಿತ್ತು. ಬಾಳ ಸಾವಕಾಶ ಹೋದ. ಮುಂದಿನ ಸಲ ಶೇಂಗಾ ಕಟಗೊಂಡ ಬಂದ. ಕರದ. ನಮ್ಮಪ್ಪನ್ದು ಅಂದೆ. ಯಾಕವಾ ಹಂಗ ಮಾಡಿದಿ ಅಂತ ಅಂವ ಸಾಯೂತನಕ ಕೇಳಲಿಲ್ಲ. ಆದ್ರ ಅವತ್ತಿಂದ ನನ್ನ ಒಂದ ಸಲ ಕರದು ಬಿಡ್ತಿರ್ಲಿಲ್ಲ. ಮನ್ಯಾಗ ಎದುರಿಗಿ ಕುಂತಿದ್ರೂ, ಶಾಂತಾ ಅಂತಿದ್ದ, ಒಂದೀಟ ತಡದು, ನಾನವಾ ಅಂತಿದ್ದ."

ನಾನು ಬಾಯಿ ತೆರೆದು ನಿಂತಿದ್ದೆ. ನನ್ನ ಬಾಯಿ ತೆರೆದೇ ಇರುವುದು ಹೊಸತಲ್ಲ, ಆದರೆ ಅದರಿಂದ ಯಾವ ದನಿಯೂ ಹೊರಡದೆ ಇದ್ದದ್ದು ಹೊಸತು. ಮಿಸ್ಸಿಯ ಬಾಗಿಲು ಕಳ್ಳ ಮಾವಂದಿರನ್ನು ತಡೆಯುವುದಕ್ಕೆ ಎಂದು ಇಡೀ ಜಿಲ್ಲೆ ತಿಳಿದಿತ್ತು. ಅದು ಖರೆ ಅಪ್ಪಂದಿರನ್ನೂ ತಡೆಯುತ್ತದೆಂಬುದು ಒಳಗೆ ಕುಳಿತವರಿಗೆ ಮಾತ್ರ ಗೊತ್ತು. ಅವರು ಹೇಳುವುದಿಲ್ಲ. ಹೊರಗಿನ ಅಪ್ಪಂದಿರೂ ಹೇಳುವುದಿಲ್ಲ. ಹೆತ್ತ ಮಗಳಿಗೆ ನನ್ನ ದನಿ ಗುರುತು ಸಿಗಲಿಲ್ಲ ಎಂದು ಯಾವ ಗಂಡಸು ಬಸ್ ನಿಲ್ದಾಣದಲ್ಲಿ ಹೇಳಿಕೊಂಡಾನು? ನೆಗಡಿ ಎನ್ನುತ್ತಾನೆ. ಎಷ್ಟು ತಲೆಮಾರುಗಳಿಂದ ಈ ಸುತ್ತಲಿನ ಊರುಗಳ ಅಪ್ಪಂದಿರಿಗೆ ಗೋಕಾಕದಲ್ಲಿ ನೆಗಡಿ ಹಿಡಿಯುತ್ತ ಬಂದಿದೆಯೋ!

"ಮತ್ತ ನಾ ಏನ ಮಾಡ್ಲಿ?" ಎಂದೆ.

"ನನಗೇನ ಕೇಳ್ತಿ? ದನಿ ನಿಂದು" ಎಂದು ಅವ್ವ ಸೀಳಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ಬೈಕಿನ ಹಿಂದೆ ಕುಳಿತೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಅಡ್ಡ ಬರುತ್ತಿದ್ದವು. ಪ್ರತಿ ಟ್ರ್ಯಾಕ್ಟರೂ ಹುಕ್ಕೇರಿಯ ಬೀಗರದೇ ಎಂಬಂತೆ ಕಾಕಾ ಗೌರವದಿಂದ ದಾರಿ ಬಿಡುತ್ತಿದ್ದ. ನಡುವೆ ಅವನಿಗೆ ಅನುಮಾನ ಬಂತು. "ಇನ್ನೊಮ್ಮಿ ತಗಿ ನೋಡೂಣು." ನಾನು ಅವನ ಕಿವಿಯ ಹಿಂದೆಯೇ ಕಾಕುವಿನ ದನಿಯಲ್ಲಿ "ಏನ್ರೀಈಈ..." ಎಂದೆ. ಕಾಕಾ ಗಕ್ಕನೆ ಬ್ರೇಕು ಹಾಕಿ, "ಬಂದೆ ಬಂದೆ" ಎಂದುಬಿಟ್ಟ. ಇಪ್ಪತ್ತು ವರ್ಷದ ಸಂಸಾರದ ಅಭ್ಯಾಸ. ಬೇರೆ ದಿನವಾಗಿದ್ದರೆ ಇಬ್ಬರೂ ರಸ್ತೆಯ ಪಕ್ಕ ಕುಳಿತು ನಗುತ್ತಿದ್ದೆವು. ಅಂದು ಕಾಕಾ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಭೇಷ್, ಇದ ಬೇಕು" ಎಂದ. ಘಟಪ್ರಭೆಯ ಸೇತುವೆ ದಾಟಿದೆವು.

ಗೇಟಿನಲ್ಲಿ ಕಾಕಾ ಚೀಟಿ ತೋರಿಸಿದ. ನಾನು ಅಣ್ಣನೆಂದು ಬರೆಸಿಕೊಂಡೆ. ಒಳಗೆ ಬೇವಿನ ಮರದ ಕೆಳಗೆ ನಾಲ್ಕಾರು ಮಂದಿ ಕಾಯುತ್ತಿದ್ದರು. ಪ್ರಾರ್ಥನಾಲಯದಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ನಮ್ಮ ಮುಂದೆ ಯಮಕನಮರಡಿಯ ಮುದುಕನೊಬ್ಬ. ಹೆದ್ದಾರಿಯ ಬದಿಯ ಮನುಷ್ಯ, ಲಾರಿಗಳ ನಡುವೆ ಮಾತಾಡಿ ರೂಢಿ. ಬಾಗಿಲಿನ ಕಬ್ಬಿಣದ ಬಳೆ ಒಮ್ಮೆ ಬಡಿದು, "ದೀಪೀ!" ಎಂದು ಕೂಗಿದ. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಒಳಗಿನಿಂದ ಮೇಟ್ರನ್ ಅಕ್ಕಾರು ಕೇಳುವ ಮೊದಲೇ "ನಮ್ಮ ಮುತ್ಯಾಂದ್ರೀ!" ಎಂಬ ಕಿರುಚಾಟ. ಅಗಳಿ ಸರಿಯಿತು. ಎರಡು ಜಡೆಯ ಹುಡುಗಿ ಮುದುಕನ ಧೋತರಕ್ಕೆ ಬಂದು ಬಡಿದಳು. ಮತ್ತೆ ಬಾಗಿಲು ಮುಚ್ಚಿತು.

ಈಗ ನಮ್ಮ ಸರದಿ. ಕಾಕಾ ಮರದ ಕೆಳಗೇ ನಿಂತ. ಅವನ ಚಪ್ಪಲಿಯ ಸದ್ದೂ ಗುರುತು ಸಿಕ್ಕೀತೆಂಬ ಭಯ. ನನ್ನನ್ನು ಕಣ್ಣಿನಲ್ಲೇ ದೂಡಿದ. ಹೋಗಿ ಬಳೆ ಬಡಿದೆ.

"ಯಾರಿಗ್ರಿ?" ಒಳಗಿನಿಂದ ಅಕ್ಕಾರ ದನಿ.

"ಸ... ಮೂಡಲಗಿ ಸಹನಾ" ಎಂದು ಕೆಮ್ಮಿನ ನಡುವೆ ಹೇಳಿದೆ. ಆ ದನಿ ಯಾರದ್ದೂ ಆಗಿರಬಾರದೆಂದು ಕೆಮ್ಮಿದ್ದು.

ಒಳಗೆ ಹೆಜ್ಜೆ ಬಂದವು. ಬೆಂಚು ಕಿರುಗುಟ್ಟಿತು. "ಹೂಂ, ಕರೀರಿ" ಎಂದರು ಅಕ್ಕಾರು.

ಮಿಸ್ಸಿ ಬಾಗಿಲಿಗೆ ಕಿಂಡಿ ಇಡಿಸಿರಲಿಲ್ಲ, ನಿಜ. ಆದರೆ ಕಾಲ ಸುಮ್ಮನಿರುತ್ತದೆಯೇ? ಹೊಸ್ತಿಲ ಹತ್ತಿರ ಹಲಗೆ ಸವೆದು ಎರಡು ಬೆರಳಿನಷ್ಟು ಸಂದಿ ಬಿದ್ದಿತ್ತು. ತಲೆ ತಗ್ಗಿಸಿದವನಿಗೆ ಎರಡು ಪಾದಗಳು ಕಂಡವು. ಉಗುರಿನ ಬಣ್ಣ ಅರ್ಧ ಕಿತ್ತುಹೋಗಿತ್ತು. ಹೆಬ್ಬೆರಳುಗಳು ಒಳಕ್ಕೆ ಮಡಚಿಕೊಂಡು ನೆಲವನ್ನು ಹಿಡಿದಿದ್ದವು.

ಕಾಕುವಿನ ದನಿ ನನ್ನ ಗಂಟಲಲ್ಲಿ ತುಂಬಿದ ಕೊಡದಂತೆ ಸಿದ್ಧವಿತ್ತು. ಬಿಟ್ಟರೆ ಸಾಕು. ಆ ಪಾದಗಳು ಜಿಗಿಯುತ್ತವೆ, "ನಮ್ಮವ್ವಂದ್ರೀ!" ಎನ್ನುತ್ತವೆ, ಓಡಿಬರುತ್ತವೆ. ನನಗೆ ತಾಳಲಾಗದಂತೆ ಆದದ್ದು ಅದೇ. ಅವಳು ಮೋಸಹೋಗುತ್ತಾಳೆಂಬುದಲ್ಲ, ಅವಳಿಗೆ ಖುಷಿಯಾಗುತ್ತದೆಂಬುದು. ಬಾಗಿಲು ತೆರೆಯುವ ತನಕದ ಆ ಖುಷಿ. ಆಮೇಲೆ ಜನ್ಮದಲ್ಲಿ ಎಂದಾದರೂ ಆ ಹುಡುಗಿ ತನ್ನ ತಾಯಿಯ ದನಿ ಕೇಳಿ ಓಡಿಬಂದಾಳೆಯೇ?

"ಕರೀರಿ, ಯಾಕ ಸುಮ್ನ ನಿಂತೀರಿ?" ಎಂದರು ಅಕ್ಕಾರು. ಹಿಂದೆ ಕಾಕಾ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಬಾಯಿ ತೆರೆದೆ. "ಸಹನಾ" ಎಂದೆ.

ಬಂದ ದನಿಗೆ ನಾನೇ ಬೆಚ್ಚಿದೆ. ಅದು ಕಾಕುವಿನದಲ್ಲ. ತಹಶೀಲ್ದಾರರದಲ್ಲ, ಸ್ವಾಮಿಗಳದಲ್ಲ, ಬಸ್ ನಿಲ್ದಾಣದ್ದಲ್ಲ. ಹಸಿ ಗಡಿಗೆ ಬಾರಿಸಿದಂತೆ ಬದ್ದೆನ್ನುವ, ಒಂದಿಷ್ಟು ಒಡಕು, ಒಂದಿಷ್ಟು ಮೂಗು. ಯಾವ ಮದುವೆಯಲ್ಲಿ ತೆಗೆದರೂ ಮೈಕು ಕಿತ್ತುಕೊಳ್ಳುವಂಥದ್ದು. ಅದು ನನ್ನದು.

ಒಳಗೆ ಬೆಂಚು ಮತ್ತೊಮ್ಮೆ ಕಿರುಗುಟ್ಟಿತು.

"ಯಾರ ದನಿ, ಸಹನಾ?"

ಬೆರಳುಗಳು ಇನ್ನಷ್ಟು ಮಡಚಿಕೊಂಡವು.

"ಗೊತ್ತಿಲ್ರಿ ಅಕ್ಕಾರ" ಎಂದಳು ನನ್ನ ತಂಗಿ. ಸ್ವಲ್ಪ ತಡೆದು, "ಎಂದೂ ಕೇಳಿಲ್ರಿ" ಎಂದಳು.

"ಹುಡುಗಿ ಗುರ್ತ ಹಿಡೀಲಿಲ್ರಿ. ಮುಂದಿನ ಭೇಟಿಗೆ ಬರ್ರಿ."

ತಿರುಗಿದೆ. ಕಾಕಾ ಅದಾಗಲೇ ನನ್ನ ಬೆನ್ನಿಗೆ ಬಂದು ನಿಂತಿದ್ದ. ಮುಖ ಕೆಂಪಾಗಿತ್ತು.

"ಅದೇನಲೇ ಅದು? ಯಾರ ದನಿ ತಗದಿ?"

"ನಂದ ಕಾಕಾ."

"ನಿಂದಾ?" ಕಾಕಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ನಿನಗೂ ಒಂದ ಐತಿ?"

ನಂತರ ಅವನು ನನ್ನನ್ನು ಬದಿಗೆ ಸರಿಸಿದ. ಬಳೆಗೆ ಕೈ ಹಾಕದೆ ನೇರ ಮುಷ್ಟಿಯನ್ನೇ ಎತ್ತಿದ. ಬಾಗಿಲು ಬಡಿದುಬಿಡುತ್ತಾನೆ ಎಂದುಕೊಂಡೆ. ಬಡಿದರೆ ಯಾರು ತಡೆಯುತ್ತಿದ್ದರು? ಅಪ್ಪ. ಗೇಟಿನಲ್ಲಿ ಚೀಟಿ ತೋರಿಸಿದವನು. ಯಮಕನಮರಡಿಯ ಮುದುಕ ಮೊಮ್ಮಗಳ ಕೈ ಹಿಡಿದು ಅಲ್ಲಿಯೇ ನಿಂತು ನೋಡುತ್ತಿದ್ದ. ಎತ್ತಿದ ಮುಷ್ಟಿ ಎತ್ತಿದಂತೆಯೇ ಉಳಿಯಿತು. ಕಾಕಾನ ಕಣ್ಣು ಕೆಳಗಿತ್ತು, ಸಂದಿಯಲ್ಲಿ. ಪಾದಗಳು ಇನ್ನೂ ಅಲ್ಲೇ ಇದ್ದವು. ಅವಳು ಎದ್ದು ಹೋಗಿರಲಿಲ್ಲ.

"ಮಲ್ಲು" ಎಂದ ಕಾಕಾ, ಬಹಳ ಸಣ್ಣಗೆ. "ಬೆರಳ ನೋಡಲೇ."

"ಹೂಂ ಕಾಕಾ."

"ಸೂಜಿ ಹಾಕೂ ಮುಂದ ಹಿಂಗ ಮಾಡ್ತಿದ್ಲು. ನಾನ ಎತಗೊಂಡ ಹೋಗ್ತಿದ್ದೆ ನಿಮ್ಮವ್ವನ ಕಡೆ. ನನ್ನ ಕುತ್ತಿಗಿ ಹಿಡಕೊಂಡು, ಕಾಲ ಬೆರಳ ಹಿಂಗ ಮಡಚತಿದ್ಲು." ಮುಷ್ಟಿ ಬಿಚ್ಚಿತು. ಅಂಗೈ ಬಾಗಿಲ ಹಲಗೆಯ ಮೇಲೆ ಸುಮ್ಮನೆ ಕೂತಿತು. "ಆಗ ನನ್ನ ಹಿಡಕೊಂತಿದ್ಲು" ಎಂದ.

ಆಮೇಲೆ ಅವನು ಗೇಟಿನ ಕಡೆ ನಡೆದ. ನಾನು ಹಿಂದೆ. ಬೈಕಿನ ಹತ್ತಿರ ನಿಂತು ಮೊಬೈಲು ತೆಗೆದು ಹುಕ್ಕೇರಿಗೆ ಹಚ್ಚಿದ. ಏನು ಹೇಳುತ್ತಾನೆ? ನೆಗಡಿ ಎನ್ನುತ್ತಾನೆ, ಪರೀಕ್ಷೆ ಎನ್ನುತ್ತಾನೆ, ಸೂತಕವೆನ್ನಲೂಬಹುದು. ನನಗೆ ಕಾಕಾನ ನೆಪಗಳೆಲ್ಲ ಬಾಯಿಪಾಠ.

"ಹಾಂ, ನಮಸ್ಕಾರ್ರಿ. ಇವತ್ತ ಬರಬ್ಯಾಡ್ರಿ... ಇಲ್ರಿ, ನಾಳೇನೂ ಬ್ಯಾಡ್ರಿ... ಹುಡುಗಿ ಒಲ್ಲೆ ಅಂದ್ಳು." ಆ ಕಡೆಯ ದನಿ ನನಗೂ ಕೇಳುವಷ್ಟು ಏರಿತು. ಕಾಕಾ ಮೊಬೈಲನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಎಲ್ಲವನ್ನೂ ಕೇಳಿದ. "ಹೌದ್ರಿ, ಹುಡುಗೀನ ಅಂದ್ಳು. ಎರಡ ಸಲ ಅಂದ್ಳು. ಮೊದಲ್ನೇ ಸಲ ನನಗ ಕೇಳಿಸ್ಲಿಲ್ಲ."

ಮನೆಗೆ ಬಂದಾಗ ಕಾಕು ಬಾಗಿಲಲ್ಲೇ ನಿಂತಿದ್ದಳು. ಬೈಕಿನ ಮೇಲೆ ಇಬ್ಬರೇ ಇದ್ದದ್ದು ನೋಡಿದಳು. ಮಫ್ಲರ್ ತೆಗೆದು ಹಗ್ಗದ ಮೇಲೆ ಹಾಕಿ, "ಕೈಕಾಲ ತೊಳಕೋರಿ, ಊಟಕ್ಕ ಬಡಸ್ತೀನಿ" ಎಂದಳು. ಗಂಟಲು ಗಂಟೆಯಂತಿತ್ತು. ಕಾಕಾ ಹಗ್ಗದ ಮೇಲಿನ ಮಫ್ಲರನ್ನೊಮ್ಮೆ ನೋಡಿ ಕೈಕಾಲು ತೊಳೆಯಲು ಹೋದ. ಈ ಮನೆಯಲ್ಲಿ ಯಾರು ಯಾರನ್ನು ಅಣಕಿಸುತ್ತಿದ್ದಾರೆ, ಮಿಮಿಕ್ರಿಯವನು ನಾನೊಬ್ಬನೇ ಹೌದೇ ಎಂದು ನನಗೆ ಅನುಮಾನ ಹತ್ತಿದ್ದು ಆಗ.

ಪರೀಕ್ಷೆ ಮುಗಿದ ದಿನ ಕಾಕಾ ಮತ್ತೆ ಹೋದ, ನನ್ನನ್ನೂ ಕರೆದುಕೊಂಡು. ಬಳೆ ಬಡಿದು "ಸಹನಾ" ಎಂದ. ನಿಯಮದ ಪ್ರಕಾರ ಅಲ್ಲಿಗೆ ನಿಲ್ಲಿಸಬೇಕು. ಅವನು ಹಣೆಯನ್ನು ಹಲಗೆಗೆ ಹಚ್ಚಿ, "ನಾನವಾ, ನಿಮ್ಮಪ್ಪ" ಎಂದ. ಅವ್ವನ ಕತೆ ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅಕ್ಕಾರು ನಿಯಮ ಮುರಿದದ್ದಕ್ಕೆ ಏನೂ ಅನ್ನಲಿಲ್ಲ. ಒಳಗಿನಿಂದ ಉತ್ತರ ಬಂತು, ಅಗಳಿಯೂ ಸರಿಯಿತು. ಈಗ ಸಹನಾ ಗೋಕಾಕದಲ್ಲೇ ಸೈನ್ಸ್ ಓದುತ್ತಿದ್ದಾಳೆ. "ಅವತ್ತ ನನ್ನ ದನಿ ಖರೇನ ಗೊತ್ತಾಗ್ಲಿಲ್ಲೇನ?" ಎಂದು ಅವಳನ್ನು ಎಷ್ಟೋ ಸಲ ಕೇಳಿದ್ದೇನೆ. "ಎಂದೂ ಕೇಳಿಲ್ರಿ" ಎನ್ನುತ್ತಾಳೆ, ಅದೇ ದನಿಯಲ್ಲಿ, ಅದೇ ಮುಖದಲ್ಲಿ. ಮಿಸ್ಸಿ ಸಾಲಿಯವರ ಬಾಯಿ ಬಿಡಿಸುವುದು ನನ್ನಂಥವನ ಕೈಯಲ್ಲಾಗುವ ಕೆಲಸವಲ್ಲ.

ಆ ಮೊದಲ ದಿನದ ಸಂಜೆಯದೊಂದು ಹೇಳುವುದು ಉಳಿದಿದೆ. ಊಟ ಮುಗಿಸಿ ನಾನು ಹೊರಗೆ ಹೋಗಿದ್ದೆ. ತಿರುಗಿ ಬಂದಾಗ ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ದಿನವೂ ಹಾಲಿನವನ ದನಿಯಲ್ಲೋ, ಅವ್ವನ ದವಾಖಾನೆಯ ಡಾಕ್ಟರ ದನಿಯಲ್ಲೋ ಕರೆದು ಅವಳನ್ನು ಓಡಿಸುವುದು ನನ್ನ ರೂಢಿ. ಅಂದು ಆಗಲಿಲ್ಲ. ಬೆಳಿಗ್ಗೆ ಸಿಕ್ಕ ಆ ಬದ್ದು ದನಿಯಲ್ಲೇ "ಅವ್ವಾ" ಎಂದೆ.

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಉತ್ತರವಿಲ್ಲ. ತಲೆ ಓರೆ ಮಾಡಿ ನಿಂತಿರುತ್ತಾಳೆ ಎಂದುಕೊಂಡೆ. ಇವಳಿಗೂ ಗುರುತು ಸಿಗಲಿಲ್ಲವೇ?

"ನಾನವಾ" ಎಂದೆ.

ಬಾಗಿಲು ತೆರೆಯಿತು. ಅವ್ವನ ಕೈಯೆಲ್ಲ ಬೂದಿ.

"ಗೊತ್ತೈತಿ" ಎಂದಳು. "ಮೊದಲ್ನೇ ಸಲಾನ ಗೊತ್ತಾತು."

"ಮತ್ತ ಯಾಕ ಓಗೊಡ್ಲಿಲ್ಲ?"

ಅವ್ವ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಬೂದಿ ಇನ್ನಷ್ಟು ಹತ್ತಿತು.

"ಇನ್ನೊಂದ ಸಲ ಕೇಳೂಣು ಅನಸ್ತು."